ಮಿರಜದಲ್ಲಿ ತಂಬೂರಿ ಶ್ರುತಿಯಾಗುವ ಹೊತ್ತು

ನಮ್ಮ ಕಡೆ ಮಿರಜ ಅಂದರೆ ಮೊದಲು ನೆನಪಾಗುವುದು ದವಾಖಾನೆ. ಬೆಳಗಾವಿ, ಅಥಣಿ, ರಾಯಬಾಗದವರು ತಲೆಮಾರುಗಳಿಂದ ಕಾಯಿಲೆ ಹೊತ್ತುಕೊಂಡು ಹೋಗುವ ಊರು ಅದು. 1894ರಲ್ಲಿ ವಿಲಿಯಂ ವಾನ್ಲೆಸ್ ಎಂಬ ವೈದ್ಯರು ಅಲ್ಲಿ ಆಸ್ಪತ್ರೆ ತೆರೆದರು. ಅಂದಿನಿಂದ ಊರಿಗೆ ಆ ಹೆಸರು ಅಂಟಿಕೊಂಡಿದೆ. ನಾನೂ ಮೊದಲ ಸಲ ಮಿರಜ ನೋಡಿದ್ದು ಅಪ್ಪನ ಆಪರೇಷನ್‌ಗೆ ಹೋದಾಗ. ಆಗ ನನಗೆ ಹನ್ನೆರಡು ವರ್ಷ. ಚಹಾ ತರಲು ಹೋದವನು ದಾರಿ ತಪ್ಪಿ ಒಂದು ಸಣ್ಣ ಓಣಿ ಹೊಕ್ಕೆ. ಒಂದು ಅಂಗಡಿಯೊಳಗೆ ಯಾರೋ ಒಂದೇ ತಂತಿಯನ್ನು ಮೀಟುತ್ತಿದ್ದರು. ಮೀಟಿ ಸುಮ್ಮನಾಗುವುದು, ಏನೋ ಉಜ್ಜುವುದು, ಮತ್ತೆ ಮೀಟುವುದು. ಚಹಾ ಆರುವವರೆಗೂ ನಿಂತು ಕೇಳಿದ್ದೆ. ಆ ಸದ್ದು ಮರೆತಿರಲಿಲ್ಲ.

ಈ ಸಲ ಹೋಗಿದ್ದು ಮಗಳ ತಂಬೂರಿಗಾಗಿ. ಅವಳು ನಾಲ್ಕು ವರ್ಷದಿಂದ ಹಿಂದೂಸ್ತಾನಿ ಕಲಿಯುತ್ತಿದ್ದಾಳೆ. ತಂಬೂರಿಯ ನಾದ ಯಾಕೋ ಮೊಂಡಾಗಿತ್ತು. "ಮಿರಜಕ್ಕೆ ಒಯ್ಯಿರಿ, ಉರುಸಿನ ಹೊತ್ತಿಗೆ ಹೋದರೆ ಸಂಗೀತ ಸಭೆಯನ್ನೂ ಕೇಳಬಹುದು" ಎಂದರು ಅವಳ ಗುರುಗಳು. ಉರುಸು ಅಂದರೆ ಅಲ್ಲಿನ ದರ್ಗಾದ ಜಾತ್ರೆ. ಅದು ಚಾಂದ್ರಮಾನದ ಲೆಕ್ಕ, ಹಾಗಾಗಿ ತಾರೀಕು ಪ್ರತಿ ವರ್ಷ ಸರಿಯುತ್ತದೆ. ನಾವು ಹೋದಾಗ ಚಳಿ ಇನ್ನೂ ಪೂರ್ತಿ ಹೋಗಿರಲಿಲ್ಲ.

ಘಟಪ್ರಭಾದಲ್ಲಿ ರೈಲು ಹತ್ತಿದೆವು. ತಂಬೂರಿಗೆ ಎರಡು ಕೌದಿ ಸುತ್ತಿ, ಬುರುಡೆಯ ಭಾಗವನ್ನು ಮಗಳು ತೊಡೆಯ ಮೇಲೆ ಇಟ್ಟುಕೊಂಡಳು. ಕುಡಚಿ ಬಿಟ್ಟ ಮೇಲೆ ಕೃಷ್ಣೆಯ ಸೇತುವೆ. ಆಮೇಲೆ ಉಗಾರ, ಎರಡೂ ಬದಿ ಕಬ್ಬು. ಶೇಡಬಾಳ ದಾಟಿದರೆ ಕರ್ನಾಟಕ ಮುಗಿಯಿತು. ಹಾಗಂತ ನಕ್ಷೆ ಹೇಳುತ್ತದೆ, ಬೋಗಿಯೊಳಗಿನ ಮಾತು ಬದಲಾಗಲಿಲ್ಲ. ಮಿರಜ ನಿಲ್ದಾಣದಲ್ಲಿ ಇಳಿದಾಗಲೂ ಕಿವಿಗೆ ಬಿದ್ದದ್ದು ಕನ್ನಡವೇ, "ಲಗೂನ ಇಳೀರಿ." ಒಂದು ಕಾಲಕ್ಕೆ ಇಲ್ಲಿ ಬ್ರಾಡ್‌ಗೇಜ್, ಮೀಟರ್‌ಗೇಜ್, ನ್ಯಾರೋಗೇಜ್ ಮೂರೂ ಹಳಿಗಳು ಸೇರುತ್ತಿದ್ದವು.

ವಾದ್ಯದ ಅಂಗಡಿಗಳಿರುವ ಓಣಿಗೆ ನೇರವಾಗಿ ಹೋದೆವು. ನಾನು ಹುಡುಗನಾಗಿದ್ದಾಗ ನಿಂತ ಅಂಗಡಿ ಯಾವುದೆಂದು ಗುರುತು ಸಿಗಲಿಲ್ಲ. ಎಲ್ಲ ಅಂಗಡಿಗಳಲ್ಲೂ ಅದೇ ಮರದ ಹೊಟ್ಟು, ಅದೇ ಅರಗಿನ ವಾಸನೆ. ಗೋಡೆಗೆ ಸಾಲಾಗಿ ಒಣ ಬುರುಡೆಗಳು ತೂಗುತ್ತಿದ್ದವು. ಅವು ತಿನ್ನುವ ಸೋರೆಯಲ್ಲ, ಕಹಿ ಜಾತಿಯ ದಪ್ಪ ಸೋರೆ. ಪಂಢರಪುರದ ಕಡೆ, ಭೀಮೆಯ ದಂಡೆಯ ಹೊಲಗಳಲ್ಲಿ ಬೆಳೆಯುತ್ತವೆ. ಬಳ್ಳಿಯಲ್ಲೇ ಬಲಿತು ಒಣಗಿದ ಮೇಲೆ ಇಲ್ಲಿಗೆ ಬರುತ್ತವೆ. ನೀರಿನಲ್ಲಿ ನೆನೆಸಿ, ಕೊಯ್ದು, ಒಳಗಿನ ತಿರುಳು ತೆಗೆದು, ಕೋಲು ಕೊಟ್ಟು ಆಕಾರ ನಿಲ್ಲಿಸುತ್ತಾರೆ. ಮೇಲಿನ ಹಲಗೆ ಮತ್ತು ದಂಡಿಗೆ ತೂಣ್ ಮರ. ಒಂದೊಂದು ಕೆಲಸಕ್ಕೂ ಬೇರೆ ಬೇರೆ ಕೈಗಳು.

ಅಂಗಡಿಯ ಹಿರಿಯರು ನಮ್ಮ ಮಾತು ಕೇಳಿದ ಕೂಡಲೇ ಕನ್ನಡಕ್ಕೆ ಹೊರಳಿದರು. "ಬರ್ರಿ, ಕೂಡ್ರಿ, ಮದಲ ಚಾ ಕುಡೀರಿ." ಅವರ ಮನೆಮಾತು ಉರ್ದು, ಅಂಗಡಿಯ ಮಾತು ಮರಾಠಿ, ಗಿರಾಕಿಗಳಲ್ಲಿ ಅರ್ಧ ಜನ ಧಾರವಾಡ ಹುಬ್ಬಳ್ಳಿಯವರು. ಈ ಕಸುಬಿನ ಕಥೆಯನ್ನೂ ಅವರೇ ಹೇಳಿದರು. ಇವರ ಹಿರಿಯರು ಶಿಕಲಗಾರರು, ಕತ್ತಿ ಮಸೆಯುವವರು. ಸುಮಾರು 1850ರ ಹೊತ್ತಿಗೆ ಸಂಸ್ಥಾನಗಳ ಕತ್ತಿಗಳಿಗೆ ಕೆಲಸ ಇಲ್ಲವಾಯಿತು. ಆಗ ಫರೀದ್‌ಸಾಹೇಬ್ ಎಂಬುವರು ವಾದ್ಯ ರಿಪೇರಿಗೆ ಕೈ ಹಾಕಿದರು, ಆಮೇಲೆ ತಾವೇ ಕಟ್ಟತೊಡಗಿದರು. ಮಿರಜದ ಪಟವರ್ಧನ ದೊರೆಗಳ ಆಸರೆ ಸಿಕ್ಕಿತು. ಕತ್ತಿಯ ಅಂಚು ತಿದ್ದುತ್ತಿದ್ದ ಅದೇ ಕೈ ತಂಬೂರಿಯ ಕುದುರೆಯನ್ನು, ಅಂದರೆ ತಂತಿಗಳು ಹಾಯುವ ಸಣ್ಣ ಪಟ್ಟಿಯನ್ನು ತಿದ್ದಿತು. 2024ರಲ್ಲಿ ಮಿರಜದ ಸಿತಾರಿಗೂ ತಂಬೂರಿಗೂ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಸಿಕ್ಕಿದೆ.

ಹಿರಿಯರು ನಮ್ಮ ತಂಬೂರಿಯನ್ನು ಒಂದು ಸಲ ಮೀಟಿದರು. "ಜವಾರಿ ಹೋಗೇದ" ಎಂದರು, ಅಷ್ಟೇ.

ನಮ್ಮ ಸೀಮೆಯಲ್ಲಿ ಜವಾರಿ ಅಂದರೆ ನಾಟಿ. ಜವಾರಿ ಸೌತೆ, ಜವಾರಿ ಬಳ್ಳೊಳ್ಳಿ, ಜವಾರಿ ಆಕಳು. ಈ ಓಣಿಯಲ್ಲಿ ಜವಾರಿ ಅಂದರೆ ತಂತಿಯ ಜೀವ. ಕುದುರೆ ಸಪಾಟಾಗಿ ಕಂಡರೂ ಅದಕ್ಕೊಂದು ಸಣ್ಣ ಇಳಿಜಾರು ಇರುತ್ತದೆ. ತಂತಿ ಅದರ ಮೇಲೆ ತುಸುವೇ ತಾಗುತ್ತ ಬಿಡುತ್ತ ಕಂಪಿಸಬೇಕು. ಆಗಲೇ ಆ ಝೇಂಕಾರ. ದಿನಾ ನುಡಿಸಿದರೆ ತಂತಿ ಕುದುರೆಯಲ್ಲಿ ಗೀರು ಕೊರೆಯುತ್ತದೆ, ಇಳಿಜಾರು ಕೆಡುತ್ತದೆ, ನಾದ ಮೊಂಡಾಗುತ್ತದೆ. ಅದನ್ನು ಅರದಿಂದ ಮತ್ತೆ ತಿದ್ದಬೇಕು. ಎಷ್ಟು ಉಜ್ಜಬೇಕೆಂದು ಅಳೆಯುವ ಯಂತ್ರ ಇಲ್ಲ, ಕಿವಿಯೇ ಅಳತೆ. ಎರಡೆಳೆ ಉಜ್ಜುವುದು, ಮೀಟುವುದು. ಹನ್ನೆರಡನೇ ವಯಸ್ಸಿನಲ್ಲಿ ನಾನು ಕೇಳಿದ್ದು ಇದನ್ನೇ!

"ಇವತ್ತ ಇಟ್ಟ ಹೋಗ್ರಿ. ರಾತ್ರಿ ಸಭಾ ಕೇಳ್ರಿ. ನಾಳೆ ಒಯ್ಯೂರಂತ" ಎಂದರು.

ಪಕ್ಕದಲ್ಲಿ ಒಬ್ಬ ಹುಡುಗ ಹೊರದೇಶಕ್ಕೆ ಹೋಗಲಿದ್ದ ಸಿತಾರನ್ನು ಪೆಟ್ಟಿಗೆಗೆ ಇಳಿಸುತ್ತಿದ್ದ. ಸಿತಾರು ಜಗತ್ತು ಸುತ್ತಿದ ಬಗೆ ನೆನೆದರೆ ನನಗೆ ಈಗಲೂ ಬೆರಗಾಗುತ್ತದೆ. ಅಮೆರಿಕದ ಜಾಝ್ ಸ್ಯಾಕ್ಸೊಫೋನ್ ವಾದಕ ಜಾನ್ ಕೋಲ್ಟ್ರೇನ್ 1965ರಲ್ಲಿ ಹುಟ್ಟಿದ ತನ್ನ ಮಗನಿಗೆ ರವಿ ಎಂದು ಹೆಸರಿಟ್ಟ, ಸಿತಾರ್ ವಾದಕ ರವಿಶಂಕರರ ಮೇಲಿನ ಗೌರವಕ್ಕೆ. 1971ರಲ್ಲಿ ನ್ಯೂಯಾರ್ಕಿನಲ್ಲಿ ಬಾಂಗ್ಲಾದೇಶದ ನಿರಾಶ್ರಿತರಿಗಾಗಿ ಕಛೇರಿ ನಡೆಯಿತು. ರವಿಶಂಕರ್ ಮತ್ತು ಸರೋದ್ ವಾದಕ ಅಲಿ ಅಕ್ಬರ್ ಖಾನ್ ಶ್ರುತಿ ಮಾಡಿಕೊಳ್ಳುತ್ತಿದ್ದಾಗಲೇ ಸಭಿಕರು ಚಪ್ಪಾಳೆ ತಟ್ಟಿದರು. ಶ್ರುತಿ ಮಾಡಿದ್ದೇ ಇಷ್ಟು ಹಿಡಿಸಿದರೆ ವಾದನ ಇನ್ನೂ ಹಿಡಿಸೀತು ಎಂದು ರವಿಶಂಕರ್ ಹೇಳಿದರು. ಜನ ಇದನ್ನು ಹೇಳಿ ನಗುತ್ತಾರೆ. ಮಿರಜದಲ್ಲಿ ಕೂತು ನೆನೆದಾಗ ನನಗೆ ಆ ಸಭಿಕರು ತಪ್ಪು ಮಾಡಿದರು ಅನ್ನಿಸಲಿಲ್ಲ. ಶ್ರುತಿಯೂ ಕೇಳುವಂಥದ್ದೇ ಅಲ್ವಾ?

ಸಂಜೆ ದರ್ಗಾಕ್ಕೆ ನಡೆದೆವು. ಖ್ವಾಜಾ ಶಮನಾ ಮೀರಾ ಸಾಹೇಬರ ದರ್ಗಾ. ಉರುಸಿನಲ್ಲಿ ಮೊದಲ ಮಾನದ ಗಲೀಫು (ಗೋರಿಗೆ ಹೊದಿಸುವ ಬಟ್ಟೆ) ಚಮ್ಮಾರ ಸಮಾಜದ್ದು, ಅದು ಬಹಳ ಕಾಲದಿಂದ ಬಂದ ಹಕ್ಕು. ದಾರಿ ತುಂಬ ಹೂವಿನ ಚಾದರ, ಊದಿನಕಡ್ಡಿ, ಖಾಜಾ ಮಿಠಾಯಿ. ನಾವು ಒಂದು ಪೊಟ್ಟಣ ಭಡಂಗ, ಖಾರದ ಚುರುಮುರಿ, ಕೊಂಡು ಒಳಗೆ ಹೋದೆವು.

ಈ ಆವರಣದಲ್ಲೇ ಹಿಂದೂಸ್ತಾನಿ ಗಾಯಕ ಉಸ್ತಾದ್ ಅಬ್ದುಲ್ ಕರೀಂ ಖಾನರ ಸಮಾಧಿ ಇದೆ. 1872ರಲ್ಲಿ ಉತ್ತರಪ್ರದೇಶದ ಕೈರಾನಾದಲ್ಲಿ ಹುಟ್ಟಿದವರು ಮಿರಜದಲ್ಲಿ ನೆಲೆಸಿದರು. ಕನ್ನಡಿಗರು ಈ ಸಮಾಧಿಗೆ ಕೈ ಮುಗಿಯದೆ ಬರಬಾರದು ಎಂಬುದು ನನ್ನ ನಂಬಿಕೆ. ಮೈಸೂರು ಆಸ್ಥಾನಕ್ಕೆ ಹೋಗಿ ಬರುವಾಗ ಅವರು ಧಾರವಾಡದಲ್ಲಿ ಇಳಿಯುತ್ತಿದ್ದರು. ಕುಂದಗೋಳದ ರಾಮಭಾವು ಅವರ ಶಿಷ್ಯರಾಗಿ ಸವಾಯಿ ಗಂಧರ್ವ ಎಂದು ಹೆಸರಾದರು. ಸವಾಯಿ ಗಂಧರ್ವರಿಂದ ಗಂಗೂಬಾಯಿ ಹಾನಗಲ್ಲರು, ಭೀಮಸೇನ ಜೋಶಿಯವರು ಕಲಿತರು. ನಮ್ಮ ಧಾರವಾಡದ ಕಿರಾನಾ ಘರಾಣೆಯ, ಅಂದರೆ ಆ ಪರಂಪರೆಯ, ಗಾಯನಕ್ಕೆ ಬೇರು ಇಲ್ಲಿದೆ. ಖಾನ್‌ಸಾಹೇಬರು ಕರ್ನಾಟಕ ಸಂಗೀತವನ್ನೂ ಆಸೆಪಟ್ಟು ಕಲಿತರು. ತ್ಯಾಗರಾಜರ ಖರಹರಪ್ರಿಯ ರಾಗದ ಕೃತಿಯೊಂದನ್ನು ಹಾಡಿ ರೆಕಾರ್ಡ್ ಮಾಡಿದರು. ಎರಡು ಸಂಗೀತಗಳ ನಡುವೆ ಓಡಾಡಿದ ಮನುಷ್ಯ ಅವರು. ವಾದ್ಯ ರಿಪೇರಿಯೂ ಅವರಿಗೆ ಗೊತ್ತಿತ್ತು, ಜವಾರಿಯನ್ನು ತಾವೇ ತಿದ್ದಿಕೊಳ್ಳುತ್ತಿದ್ದರು.

ಅವರ ಸಾವೂ ದಾರಿಯಲ್ಲೇ ಬಂತು. 1937ರ ಅಕ್ಟೋಬರ್ 27. ಮದರಾಸಿನಿಂದ ಪುದುಚೇರಿಗೆ ಹೊರಟಿದ್ದರು. ರೈಲಿನಲ್ಲಿ ಎದೆ ಸಂಕಟ. ಸಿಂಗಪೆರುಮಾಳ್ ಕೋಯಿಲ್ ಎಂಬ ಸಣ್ಣ ನಿಲ್ದಾಣದಲ್ಲಿ ಇಳಿದರು. ಪ್ಲಾಟ್‌ಫಾರಂ ಮೇಲೆ ಹಾಸಿಗೆ ಹಾಸಿ, ನಮಾಜು ಮಾಡಿ, ದರ್ಬಾರಿ ರಾಗದಲ್ಲಿ ದೇವರನ್ನು ನೆನೆಯುತ್ತ ಕಣ್ಣು ಮುಚ್ಚಿದರು. ಅಲ್ಲಿಂದ ಅವರನ್ನು ಮಿರಜಕ್ಕೆ ತಂದು ಮಣ್ಣು ಕೊಟ್ಟರು. ಮಗಳಿಗೆ ಇದನ್ನು ಹೇಳುವಾಗ ನನ್ನ ಗಂಟಲು ಕಟ್ಟಿತು. ಅವಳು ಏನೂ ಅನ್ನದೆ ಸಮಾಧಿಯ ಕಲ್ಲು ಮುಟ್ಟಿ ಕಣ್ಣಿಗೆ ಒತ್ತಿಕೊಂಡಳು.

ರಾತ್ರಿ ಸಭೆ. ಟಿಕೆಟ್ ಇಲ್ಲ, ಕುರ್ಚಿಯ ನಂಬರ್ ಇಲ್ಲ. ನೆಲಕ್ಕೆ ಜಮಖಾನ, ಮೇಲೆ ಶಾಮಿಯಾನ. ನಮ್ಮ ಪಕ್ಕ ಜತ್ತ ತಾಲೂಕಿನಿಂದ ಬಂದ ರೈತರೊಬ್ಬರು ಕೂತಿದ್ದರು. ಜತ್ತ ಮಹಾರಾಷ್ಟ್ರದಲ್ಲಿದೆ, ಅಲ್ಲಿನ ಎಷ್ಟೋ ಹಳ್ಳಿಗಳ ಮನೆಮಾತು ಕನ್ನಡ. ಅವರು ಪ್ರತಿ ವರ್ಷ ಬರುತ್ತಾರಂತೆ. "ಇಲ್ಲಿ ಹಾಡೂದಂದ್ರ ಕಛೇರಿ ಅಲ್ರಿ, ಹಾಜರಿ" ಎಂದರು. ಖಾನ್‌ಸಾಹೇಬರ ಮುಂದೆ ಬಂದು ಹಾಜರಾಗುವುದು ಅಂತ ಅರ್ಥ.

ಮೊದಲು ಶಹನಾಯಿ. ಆಮೇಲೆ ಒಬ್ಬ ಹುಡುಗಿ ಪೂರಿಯಾ ರಾಗದ ವಿಳಂಬಿತ ಖಯಾಲು ಹಾಡಿದಳು. ಅವಳಿಗೆ ಅಂಜಿಕೆ ಇತ್ತು, ಸ್ವರ ಒಂದೆರಡು ಕಡೆ ಅಲುಗಿತು. ಯಾರೂ ಎದ್ದು ಹೋಗಲಿಲ್ಲ. ನಂತರ ಸಿತಾರು, ಒಬ್ಬರ ಠುಮ್ರಿ, ಮರಾಠಿ ನಾಟ್ಯಗೀತೆ. ಒಬ್ಬರು ಅಕ್ಕಮಹಾದೇವಿಯ ವಚನವನ್ನೂ ಹಾಡಿದರು. ಜತ್ತದ ರೈತರು ಅದಕ್ಕೆ ಎದ್ದು ನಿಂತು "ವಾಹ್" ಎಂದರು. ದೂರದಲ್ಲಿ ಕವ್ವಾಲಿಯ ತಾಳಿ ನಡೆದೇ ಇತ್ತು.

ಇದೆಲ್ಲಕ್ಕಿಂತ ನನ್ನೊಳಗೆ ಉಳಿದದ್ದು ನಡುರಾತ್ರಿಯ ಐದು ನಿಮಿಷ. ಹಿರಿಯ ಗಾಯಕರೊಬ್ಬರು ವೇದಿಕೆಗೆ ಬಂದರು. ಎರಡು ಮಿರಜದ ತಂಬೂರಿಗಳು. ಅವರು ಹಾಡಲು ಅವಸರ ಮಾಡಲಿಲ್ಲ. ಪಂಚಮದ ತಂತಿ, ನಡುವಿನ ಜೋಡಿ ಷಡ್ಜ, ಕೊನೆಗೆ ಖರಜ, ಅಂದರೆ ಕೆಳಗಿನ ಷಡ್ಜ. ಕುದುರೆಯ ಮೇಲಿನ ನೂಲಿನೆಳೆಯನ್ನು ಕೂದಲಷ್ಟು ಸರಿಸಿದರು. ಮತ್ತೆ ಮೀಟಿದರು. ಸಾವಿರ ಜನರ ಆ ಅಂಗಳದಲ್ಲಿ ಒಬ್ಬರೂ ಮಾತಾಡಲಿಲ್ಲ, ಫೋನು ನೋಡಲಿಲ್ಲ. ಆಮೇಲೆ ಖರಜದ ಒಳಗಿನಿಂದ ಗಾಂಧಾರ ಸ್ವರ ಕೇಳತೊಡಗಿತು. ಗಾಂಧಾರಕ್ಕೆ ಕಟ್ಟಿದ ತಂತಿ ಅಲ್ಲಿ ಇಲ್ಲವೇ ಇಲ್ಲ. ನಾಲ್ಕೂ ತಂತಿ ಸರಿಯಾಗಿ ಕೂಡಿದಾಗ ಅದು ತಾನಾಗಿ ಏಳುತ್ತದೆ. ಮಗಳು ನನ್ನ ತೋಳು ಹಿಡಿದು, "ಅಪ್ಪಾ, ಕೇಳಿಸ್ತಾ?" ಎಂದಳು. ಕೇಳಿಸಿತ್ತು. ಅವರು ಬಾಯಿ ತೆರೆಯುವ ಮೊದಲೇ ಜತ್ತದ ರೈತರ ಕಣ್ಣು ಒದ್ದೆಯಾಗಿತ್ತು.

ಬೆಳಿಗ್ಗೆ ಅಂಗಡಿಗೆ ಹೋದಾಗ ತಂಬೂರಿ ಗೋಡೆಗೆ ಒರಗಿ ನಿಂತಿತ್ತು. ಹಿರಿಯರು ಮೀಟಿ ತೋರಿಸಿದರು. ದಾರಿಗೆಂದು ತಂತಿ ಸಡಿಲ ಮಾಡಿಕೊಟ್ಟರು. ಕೂಲಿ ಕೇಳಿದ್ದಕ್ಕೆ ಹೇಳಿದ ಮೊತ್ತ ಒಂದು ರಾತ್ರಿಯ ಕೆಲಸಕ್ಕೆ ಬಹಳ ಕಡಿಮೆ ಅನ್ನಿಸಿತು. ಜಾಸ್ತಿ ಕೊಡಹೋದರೆ ಮಗಳ ಕೈಗೆ ವಾಪಸ್ ಇಟ್ಟು, "ದಿನಾ ಬಾರಸವ್ವಾ" ಎಂದರು.

ರೈಲಿನಲ್ಲಿ ಎದುರಿಗೆ ಕೂತ ಅಜ್ಜಿ ಕೌದಿಯ ಗಂಟು ನೋಡಿ ಕೇಳಿದರು, "ಯಾರಿಗ್ರೀ ಆರಾಮಿಲ್ಲ?" ಯಾರಿಗೂ ಏನೂ ಆಗಿಲ್ಲ, ಇದು ತಂಬೂರಿ ಎಂದೆ. ಅವರು ತಂಬೂರಿಯನ್ನು ಹತ್ತಿರದಿಂದ ನೋಡಿರಲಿಲ್ಲವಂತೆ. "ಒಮ್ಮೆ ಕೇಳಸ್ರಿ" ಎಂದರು. ಮಗಳು ಕೌದಿ ಬಿಚ್ಚಿ, ನಡುವಿನ ಜೋಡಿ ತಂತಿಗಳನ್ನು ಮೆಲ್ಲಗೆ ಬಿಗಿದಳು. ಉಗಾರ ದಾಟಿತ್ತು. ಒಂದು ತಂತಿ ಇನ್ನೂ ತುಸು ಇಳಿದಿತ್ತು, ಅದನ್ನು ತಿದ್ದುವಷ್ಟರಲ್ಲಿ ಕೃಷ್ಣೆಯ ಸೇತುವೆ ಬಂದು ಬೋಗಿ ತುಂಬ ಕಬ್ಬಿಣದ ಗದ್ದಲ. ಅಜ್ಜಿ ಬುರುಡೆಯ ಮೇಲೆ ಕೈಯಿಟ್ಟು ಕಾಯುತ್ತಿದ್ದರು. ಸೇತುವೆ ಮುಗಿಯಿತು, ಮಗಳು ಮತ್ತೆ ಮೀಟಿದಳು.