ಕಣಗಳ ಎಣಿಕೆ: ಆ ಎರಡು ಎಲ್ಲಿ ಹೋದವು?

ಕಳೆದ ವಾರವೆಲ್ಲ ಒಂದೇ ಸಂಖ್ಯೆಯ ಬೆನ್ನು ಹತ್ತಿದ್ದಾಯಿತು. ಕಣಗಳ ಘರ್ಷಣೆಯನ್ನು ಕಂಪ್ಯೂಟರಿನಲ್ಲಿ ಅನುಕರಿಸುವ ಪೈಥಿಯಾ ತಂತ್ರಾಂಶದಲ್ಲಿ 91.2 ಗಿಗಾ ಎಲೆಕ್ಟ್ರಾನ್‌ವೋಲ್ಟ್ ಶಕ್ತಿಯ ಒಂದು ಲಕ್ಷ ಎಲೆಕ್ಟ್ರಾನ್-ಪಾಸಿಟ್ರಾನ್ ಘರ್ಷಣೆಗಳನ್ನು ಸೃಷ್ಟಿಸಿ, ಅವುಗಳಲ್ಲಿ ಹುಟ್ಟುವ ಝಡ್ ಬೋಸಾನ್ ಎಂಬ ಭಾರವಾದ ಕಣ ಕ್ವಾರ್ಕ್ (ಪ್ರೋಟಾನಿನಂಥ ಕಣಗಳ ಒಳಗಿರುವ ಮೂಲಕಣ) ಜೋಡಿಯಾಗಿ ಕ್ಷಯಿಸುವ ಘಟನೆಗಳನ್ನಷ್ಟೇ ಇಟ್ಟುಕೊಂಡು, ಪ್ರತಿ ಘಟನೆಯಲ್ಲಿ ಸರಾಸರಿ ಎಷ್ಟು ವಿದ್ಯುದಾವೇಶವುಳ್ಳ ಕಣಗಳು ಹೊರಬರುತ್ತವೆ ಎಂದು ಎಣಿಸಿದೆ. ಯುರೋಪಿನ ಕಣಭೌತ ಪ್ರಯೋಗಾಲಯ ಸೆರ್ನ್‌ನ 27 ಕಿಲೋಮೀಟರ್ ಸುತ್ತಳತೆಯ ಲೆಪ್ ಎಂಬ ಘರ್ಷಣೆ ಯಂತ್ರದಲ್ಲಿ 1989ರಿಂದ ನಡೆದ ಪ್ರಯೋಗಗಳು ಇದೇ ಶಕ್ತಿಯಲ್ಲಿ ಕಂಡುಕೊಂಡ ಸರಾಸರಿ ಸುಮಾರು 21. ನನಗೆ ಬಂದದ್ದು ಸುಮಾರು 19.

ಎಣಿಸುವ ಕೋಡಿನ ಮೇಲೆಯೇ ಮೊದಲ ಅನುಮಾನ ಬಂತು. ಆದರೆ ಘಟನೆಯ ಒಟ್ಟು ಆವೇಶ ಸೊನ್ನೆಯಾಗಿರುವುದರಿಂದ ಎಣಿಕೆ ಯಾವಾಗಲೂ ಸಮಸಂಖ್ಯೆಯೇ ಆಗಬೇಕು. ಯಾವ ಎಣಿಕೆ ಎಷ್ಟು ಸಲ ಬಂತೆಂದು ತೋರಿಸುವ ಕಂಬಚಿತ್ರವನ್ನು (ಹಿಸ್ಟೋಗ್ರಾಂ) ತೆರೆದು ನೋಡಿದರೆ 16, 18, 20ರ ಮನೆಗಳಲ್ಲಿ ಎತ್ತರದ ಕಂಬಗಳು, 17, 19, 21ರ ಮನೆಗಳು ಪೂರ್ತಿ ಖಾಲಿ. ಅಲ್ಲೊಂದು ಇಲ್ಲೊಂದು ಕಣ ಕೈತಪ್ಪಿದ್ದರೆ ಬೆಸ ಮನೆಗಳಲ್ಲಿ ಏನಾದರೂ ಕಾಣಬೇಕಿತ್ತು.

ತಪ್ಪು ಇದ್ದದ್ದು ನನ್ನ ಹಳೆಯ ಕಡತದಿಂದ ಯೋಚಿಸದೆ ನಕಲಿಸಿದ್ದ ಒಂದು ಸಾಲಿನಲ್ಲಿ: ಆಯುಷ್ಯವನ್ನು ಬೆಳಕಿನ ವೇಗದಿಂದ ಗುಣಿಸಿದಾಗ 10 ಮಿಲಿಮೀಟರ್ ಮೀರುವ ಕಣಗಳು ಕ್ಷಯಿಸಬಾರದು ಎಂದು ಅದು ಹೇಳುತ್ತಿತ್ತು. ಕೆ-ಶಾರ್ಟ್ ಎಂಬ ತಟಸ್ಥ ಕಣಕ್ಕೆ ಈ ದೂರ ಸುಮಾರು 27 ಮಿಲಿಮೀಟರ್, ಲ್ಯಾಂಬ್ಡಾ ಎಂಬ ಇನ್ನೊಂದಕ್ಕೆ 79. ಹೀಗಾಗಿ ಎರಡೂ ಒಡೆಯದೆ ತಟಸ್ಥ ಕಣಗಳಾಗಿಯೇ ಉಳಿದು ಎಣಿಕೆಯಿಂದ ಹೊರಗಿದ್ದವು. ಲೆಪ್ ಪ್ರಯೋಗಗಳ ರೂಢಿಯಲ್ಲಾದರೋ ಇವುಗಳ ಕ್ಷಯದಿಂದ ಬರುವ ಕಣಗಳೂ ಲೆಕ್ಕಕ್ಕೆ ಸೇರುತ್ತವೆ. ಘಟನೆಗೆ ಸರಾಸರಿ ಒಂದು ಕೆ-ಶಾರ್ಟ್ ಹುಟ್ಟುತ್ತದೆ, ಅದು ನೂರಕ್ಕೆ 69 ಸಲ ಆವೇಶವುಳ್ಳ ಎರಡು ಪಯಾನ್ ಎಂಬ ಹಗುರ ಕಣಗಳಾಗಿ ಒಡೆಯುತ್ತದೆ ಎಂದು ಹಿಡಿದರೆ ಅದೊಂದರಿಂದಲೇ 1.4 ಕಣಗಳು, ಲ್ಯಾಂಬ್ಡಾ ಮತ್ತು ಅದರ ಪ್ರತಿಕಣದಿಂದ ಸುಮಾರು ಅರ್ಧ. ಕಾಣೆಯಾಗಿದ್ದ ಎರಡಕ್ಕೆ ಲೆಕ್ಕ ಸಿಕ್ಕಿತು. ಆ ಸಾಲನ್ನು ಅಳಿಸಿ ಮತ್ತೆ ಓಡಿಸಿದಾಗ ಸರಾಸರಿ 21ರ ಹತ್ತಿರಕ್ಕೇ ಬಂತು.

ಹೀಗೆ ನೋಡಿದರೆ ಹಳೆಯ ಉತ್ತರವೂ ತಪ್ಪಲ್ಲ, ಅದು ಬೇರೊಂದು ಪ್ರಶ್ನೆಯ ಉತ್ತರ. ಆದ್ದರಿಂದ ಇನ್ನು ಮುಂದೆ ಪ್ರತಿ ನಕ್ಷೆಯ ಕೆಳಗೂ ಯಾವ ಕಣಗಳನ್ನು ಸ್ಥಿರವೆಂದು ಹಿಡಿದಿದ್ದೇನೆ ಎಂಬುದನ್ನು ಬರೆದಿಡುತ್ತೇನೆ.

ನಿನ್ನೆ ಕಣಗಳನ್ನು ಗುರುತಿಸುವ ನಿಜವಾದ ಉಪಕರಣದ, ಅಂದರೆ ಶೋಧಕದ, ಮಿತಿಗಳನ್ನು ಸೇರಿಸಲು ತೊಡಗಿದೆ. ಕಣಪುಂಜ ಸಾಗುವ ಕೊಳವೆಗೆ ತೀರ ಸಮೀಪದ ಕೋನದಲ್ಲಿ ಹೊರಟ ಕಣಗಳನ್ನೂ, ಅಡ್ಡ ಸಂವೇಗ (ಆ ಕೊಳವೆಗೆ ಲಂಬವಾದ ದಿಕ್ಕಿನ ಸಂವೇಗ) 0.2 ಗಿಗಾ ಎಲೆಕ್ಟ್ರಾನ್‌ವೋಲ್ಟ್‌ಗಿಂತ ಕಡಿಮೆ ಇರುವವನ್ನೂ ಕೈಬಿಟ್ಟ ಕೂಡಲೇ ಖಾಲಿಯಿದ್ದ ಬೆಸ ಮನೆಗಳೆಲ್ಲ ತುಂಬಿಕೊಂಡವು. ಹೀಗೆ ಕಂಡ ಎಣಿಕೆಯಿಂದ ನಿಜವಾದ ಎಣಿಕೆಗೆ ಹಿಂದಿರುಗಲು ಬೇಕಾದ ಮಾತೃಕೆಯನ್ನು (ಮ್ಯಾಟ್ರಿಕ್ಸ್) ಕಟ್ಟುವುದು ಈ ವಾರದ ಕೆಲಸ.