ಬರ್ಫ ಬೀಳೋ ಊರಾಗ ಬೆಳಿ ಹೆಂಗ ಬೆಳೀತಾರ?

ನವಲಗುಂದಕ್ಕೆ ಹೋದಾಗಲೆಲ್ಲ ಈ ಪ್ರಶ್ನೆ ಚಹಾದ ಜೊತೆಗೇ ಬರುತ್ತೆ. ಕೇಳುವವರು ನಮ್ಮ ಕಾಕಾ, ಅವರ ಓರಗೆಯವರು, ಒಮ್ಮೊಮ್ಮೆ ಬಸ್ಸಿನಲ್ಲಿ ಪಕ್ಕಕ್ಕೆ ಕೂತವರು. "ಅಲ್ಲೋ ತಮ್ಮಾ, ಆರು ತಿಂಗಳು ಬರ್ಫ ಅಂತಿ, ಮಳಿ ನಮ್ಮಕಿಂತ ಕಡಿಮಿ ಅಂತಿ. ಕಾಲುವಿ ಇಲ್ಲ, ಬೋರ್ ಇಲ್ಲ. ಮತ್ತ ಅಷ್ಟು ಗೋದಿ ಹೆಂಗ ಬೆಳೀತಾರ?"

ನಾನಿರೋದು ಕೆನಡಾದ ಸಸ್ಕ್ಯಾಚವಾನ್ ಪ್ರಾಂತ್ಯದ ರೆಜೈನಾದಲ್ಲಿ, ಕೆಲಸ ಮಣ್ಣು ಪರೀಕ್ಷೆಯ ಲ್ಯಾಬಿನಲ್ಲಿ. ಇಡೀ ಬಯಲಿನ ಕಥೆ ಹೇಳಹೊರಟರೆ ಚಹಾ ಆರಿಹೋಗುತ್ತೆ. ಅದಕ್ಕೆ ಒಂದೇ ಊರು ಹಿಡಿದು ಹೇಳ್ತೀನಿ: ಇಂಡಿಯನ್ ಹೆಡ್. ರೆಜೈನಾದಿಂದ ಪೂರ್ವಕ್ಕೆ ಹೆದ್ದಾರಿಯಲ್ಲಿ ಸುಮಾರು 70 ಕಿಲೋಮೀಟರ್. ಜನಸಂಖ್ಯೆ ಎರಡು ಸಾವಿರದೊಳಗೆ. ಹೆಸರು ಕೇಳಿ ನಗಬೇಡಿ, ನಮ್ಮ ಇಂಡಿಯಾಕ್ಕೂ ಅದಕ್ಕೂ ಸಂಬಂಧ ಇಲ್ಲ. ಅಲ್ಲಿನ ಮೂಲನಿವಾಸಿಗಳ ನೆನಪಿನ ಹೆಸರು ಅದು. ಅವರೂ ಬ್ರಿಟಿಷ್ ರಾಣಿಯ ಪ್ರತಿನಿಧಿಗಳೂ 1874ರಲ್ಲಿ ಹತ್ತಿರದ ಕಣಿವೆಯಲ್ಲಿ ನೆಲದ ವಿಚಾರದ ನಾಲ್ಕನೇ ಒಪ್ಪಂದಕ್ಕೆ (ಟ್ರೀಟಿ 4) ಸಹಿ ಹಾಕಿದರು. ಎಂಟು ವರ್ಷಕ್ಕೆ ರೈಲು ಬಂತು. ಆಮೇಲೆ 160 ಎಕರೆಯ ಚೌಕ ಚೌಕ ತುಂಡುಗಳನ್ನು ಹತ್ತು ಡಾಲರ್ ಶುಲ್ಕಕ್ಕೆ ಹೊಸಬರಿಗೆ ಹಂಚಿದರು. ಯಾರ ನೆಲ ಯಾರಿಗೆ ಅಷ್ಟು ಅಗ್ಗಕ್ಕೆ ಸಿಕ್ಕಿತು ಅನ್ನೋದನ್ನು ಬಿಟ್ಟು ಈ ಊರಿನ ಬೇಸಾಯದ ಮಾತಾಡೋದು ನನಗೆ ಸರಿ ಕಾಣಲ್ಲ.

ಇನ್ನು ಮಣ್ಣು. ಏಪ್ರಿಲ್ ಕೊನೆಗೆ ಅಲ್ಲಿ ಹೊಲಕ್ಕಿಳಿದರೆ ಬೂಟು ಮೇಲಕ್ಕೆ ಬರಲ್ಲ. ಹೆಜ್ಜೆಗೊಂದು ಪದರ ಮೆತ್ತಿ ಮೆತ್ತಿ ನಾಲ್ಕು ಹೆಜ್ಜೆಗೆ ಕಾಲು ಎರಡು ಕಿಲೋ ಭಾರ. ಅಲ್ಲಿನವರು ಇದನ್ನು 'ಗಂಬೋ' ಅಂತಾರೆ. ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರುಕು ಬಿಡುತ್ತೆ. ನವಲಗುಂದದವನಿಗೆ ಇದನ್ನು ವಿವರಿಸಬೇಕಾ? ನಮ್ಮ ಎರೆ ಹೊಲವೇ. ಮೊದಲ ಸಲ ನೋಡಿದಾಗ ನನಗೆ ಊರು ನೆನಪಾಗಿದ್ದು ಊಟದಿಂದಲ್ಲ, ಆ ಬೂಟಿನಿಂದ.

ಮಳೆ ವರ್ಷಕ್ಕೆ ಸುಮಾರು 430 ಮಿಲಿಮೀಟರ್, ಹಿಮ ಕರಗಿದ ನೀರೂ ಸೇರಿ. ನಮ್ಮ ವಿಜಯಪುರ ಜಿಲ್ಲೆಗೂ ಅದಕ್ಕಿಂತ ಹೆಚ್ಚು ಬೀಳುತ್ತೆ. ಹಾಗಾಗಿ ಕಾಕಾನ ಪ್ರಶ್ನೆಗೆ ಉತ್ತರ ಮಳೆಯಲ್ಲಿಲ್ಲ, ಹಸಿಯಲ್ಲಿದೆ. ಬಿದ್ದದ್ದನ್ನು ನೆಲದೊಳಗೆ ಎಷ್ಟು ದಿನ ಹಿಡಿದಿಡ್ತೀರಿ ಅನ್ನೋದರಲ್ಲಿ. ಇದನ್ನು ಕಲಿಯೋಕೆ ಆ ಊರಿಗೆ ನೂರು ವರ್ಷ ಹಿಡಿಯಿತು, ಅದೂ ಒಂದು ದೊಡ್ಡ ತಪ್ಪು ಮಾಡಿ.

1885ರಲ್ಲಿ ಮೆಟಿ ಜನ (ಮೂಲನಿವಾಸಿ ಮತ್ತು ಯುರೋಪಿಯನ್ ಮಿಶ್ರ ಮೂಲದವರು) ಮತ್ತು ಕೆಲವು ಮೂಲನಿವಾಸಿಗಳು ಸರ್ಕಾರದ ವಿರುದ್ಧ ಎದ್ದರು. ಸೈನ್ಯಕ್ಕೆ ಸಾಮಾನು ಸಾಗಿಸೋಕೆ ಇಂಡಿಯನ್ ಹೆಡ್ ಸುತ್ತಲಿನ ಕುದುರೆಗಳೆಲ್ಲ ಬಾಡಿಗೆಗೆ ಹೋದವು. ಕುದುರೆ ಇಲ್ಲದೆ ಎಷ್ಟೋ ಹೊಲಗಳಿಗೆ ಬಿತ್ತನೆ ಆಗಲಿಲ್ಲ. ತಡವಾಗಿ ಬರೀ ಉತ್ತು, ಕಳೆ ತೆಗೆದು ಬಿಟ್ಟರು. ಮರುವರ್ಷ ಬರ. ಸುತ್ತಲೂ ಪೈರು ಒಣಗಿದಾಗ ಹಿಂದಿನ ವರ್ಷ ಬೀಳು ಬಿಟ್ಟಿದ್ದ ಆ ಹೊಲಗಳಲ್ಲಿ ಮಾತ್ರ ಗೋಧಿ ನಿಂತಿತ್ತು. ಆಂಗಸ್ ಮಕೈ ಎಂಬ ರೈತ ಇದನ್ನು ಗಮನಿಸಿದ. ಕೆನಡಾ ಸರ್ಕಾರ 1886ರ ಕಾಯ್ದೆಯಡಿ ತೆರೆದ ಮೊದಲ ಐದು ಪ್ರಯೋಗ ಕ್ಷೇತ್ರಗಳಲ್ಲೊಂದು ಇದೇ ಊರಿಗೆ ಬಂತು, ಮಕೈಯೇ ಅದರ ಮೇಲ್ವಿಚಾರಕ. ಅಲ್ಲಿಂದ ಹೊರಟ ಉಪದೇಶ ಇಷ್ಟೇ: ಒಂದೆರಡು ವರ್ಷ ಬೆಳೆ, ಒಂದು ವರ್ಷ ಬೀಳು. ಬೀಳಿನ ವರ್ಷ ಹರಗುತ್ತಲೇ ಇರಿ, ಒಂದು ಹುಲ್ಲೂ ಏಳಬಾರದು.

ಇದನ್ನು ಹೇಳಿದಾಗ ಕಾಕಾ, "ಇದರಾಗ ಹೊಸಾದೇನೈತಿ?" ಅಂದರು. ನಿಜ. ನಮ್ಮಲ್ಲೂ ಮುಂಗಾರಿಯಲ್ಲಿ ಹೊಲ ಖಾಲಿ ಬಿಟ್ಟು, ಹರಗಿ ಹರಗಿ ಹಸಿ ಹಿಡಿದು, ಹಿಂಗಾರಿಗೆ ಬಿಳಿಜೋಳ ಬಿತ್ತೋದು ಹಳೇ ಪದ್ಧತಿ. ಆದರೆ ನಾವು ಬಿಡೋದು ಮೂರ್ನಾಲ್ಕು ತಿಂಗಳು, ಅದೂ ಮಳೆಗಾಲದಲ್ಲಿ. ಅವರು ಇಡೀ ವರ್ಷ, ಮೈಲಿಗಟ್ಟಲೆ, ಬೇಲಿಯಿಲ್ಲದ ಗಾಳಿಗೆ ಮಣ್ಣು ಬರಿಮೈ ಮಾಡಿ ಬಿಟ್ಟರು. 1930ರ ದಶಕದಲ್ಲಿ ಬರ ಮತ್ತು ಗಾಳಿ ಒಟ್ಟಿಗೆ ಬಂದಾಗ ಆ ಪುಡಿ ಮಣ್ಣೆಲ್ಲ ಎದ್ದು ಹೋಯಿತು. ಹಗಲಲ್ಲೇ ದೀಪ ಹಚ್ಚುವಂಥ ಧೂಳು. ಇಷ್ಟಾದರೂ ಬೀಳು ಬಿಡೋದು ಮುಂದೆ ಹಲವು ದಶಕ ನಿಲ್ಲಲಿಲ್ಲ. ಬೀಳಿನ ವರ್ಷ ಬಿದ್ದ ಮಳೆಯಲ್ಲಿ ಹೆಚ್ಚಿನ ಪಾಲು ಆವಿಯಾಗಿ ಹೋಗುತ್ತಿದ್ದರೂ ರೈತನಿಗೆ ಕರ್ರಗೆ ಹರಗಿದ ಹೊಲವೇ ಚೆಂದ, ಅದೇ ಮರ್ಯಾದೆ. ಇದೂ ನಮ್ಮೂರಿನಂತೆಯೇ.

ಧೂಳಿಗೆ ಅವರು ಕಂಡುಕೊಂಡ ಮದ್ದು ಮರ. ಇಂಡಿಯನ್ ಹೆಡ್ಡಿನಲ್ಲೇ ಸರ್ಕಾರದ ಒಂದು ಸಸಿಮಡಿ ಇತ್ತು, 1900ರ ದಶಕದ ಆರಂಭದಿಂದ. ಹೊಲದ ಅಂಚಿಗೆ ಗಾಳಿತಡೆಯಾಗಿ ನೆಡಲು ರೈತರಿಗೆ ಅಲ್ಲಿಂದ ಪುಕ್ಕಟೆ ಸಸಿ ಕೊಡುತ್ತಿದ್ದರು. ನೂರಕ್ಕೂ ಹೆಚ್ಚು ವರ್ಷದಲ್ಲಿ ಹೋದದ್ದು 60 ಕೋಟಿಗೂ ಮಿಕ್ಕಿದ ಸಸಿಗಳು. ಖರ್ಚು ಕಡಿಮೆ ಮಾಡಬೇಕು ಅಂತ ಸರ್ಕಾರ 2013ರಲ್ಲಿ ಅದರಿಂದ ಕೈ ತೊಳೆದುಕೊಂಡಿತು.

ಈಗಿನ ಪದ್ಧತಿ ಪೂರ್ತಿ ತಿರುಗುಮುರುಗು: ಉಳೋದೇ ಇಲ್ಲ. 1980ರ ದಶಕದಲ್ಲಿ ಇದೇ ಊರಿನ ರೈತ ಜಿಮ್ ಹಾಲ್‌ಫರ್ಡ್, ಹಿಂದಿನ ಬೆಳೆಯ ಕೂಳೆ ಕೀಳದೆ ಅದರ ನಡುವೆಯೇ ಬೀಜವನ್ನೂ ಗೊಬ್ಬರವನ್ನೂ ಬೇರೆ ಬೇರೆ ಆಳಕ್ಕೆ ಇಳಿಸುವ ಕೂರಿಗೆ ಮಾಡಿದರು. ಮುಂದೆ 2007ರಲ್ಲಿ ಅದನ್ನು ಜಾನ್ ಡೀರ್ ಕಂಪನಿ ಕೊಂಡುಕೊಂಡಿತು. ಹಸಿ ಉಳಿಯೋ ಗುಟ್ಟು ನನಗೆ ಅರ್ಥವಾದದ್ದು ಒಂದು ಮಾರ್ಚಿನಲ್ಲಿ. ರಸ್ತೆ ಬದಿಯ ಬೋಳು ನೆಲದಲ್ಲಿ ಹಿಮ ಗಾಳಿಗೆ ಹಾರಿ ಹೋಗಿತ್ತು. ಪಕ್ಕದ ಗೋಧಿ ಹೊಲದಲ್ಲಿ ಗೇಣುದ್ದದ ಕೂಳೆ, ಸಾಲು ಸಾಲಿನ ನಡುವೆ ಅದರ ತುದಿವರೆಗೂ ಹಿಮ, ತಟ್ಟೆಗೆ ತುಂಬಿ ಸಮ ಮಾಡಿದ ಉಪ್ಪಿನ ಹಾಗೆ. ಹತ್ತು ಇಂಚು ಹಿಮ ಕರಗಿದರೆ ಸುಮಾರು ಒಂದು ಇಂಚು ನೀರು. ಅದು ಇನ್ನೆಲ್ಲೋ ಹೋಗದೆ ಅಲ್ಲೇ ಇಂಗುತ್ತೆ. ಕಾಕಾ, ನೀವು ಶಾಪ ಅಂದುಕೊಂಡ ಬರ್ಫವೇ ಅವರ ಹಿಂಗಾರಿ ಮಳೆ.

ಒಂದು ತಕರಾರೂ ಹೇಳಿಬಿಡ್ತೀನಿ. ಕುಂಟೆ ಹೋದ ಮೇಲೆ ಕಳೆ ಕೊಲ್ಲೋಕೆ ಗ್ಲೈಫೋಸೇಟ್ ಎಂಬ ಔಷಧಿ ಬಂತು. ಆ ಔಷಧಿಯ ಮಾತೆತ್ತದೆ ಶೂನ್ಯ ಉಳುಮೆಯನ್ನು ಹೊಗಳುವವರನ್ನು ನಾನು ಪೂರ್ತಿ ನಂಬಲ್ಲ.

ಬೀಳಿನ ಜಾಗಕ್ಕೆ ಬಂದದ್ದು ಬೇಳೆಕಾಳು. ಮಸೂರ, ಅಂದರೆ ನಮ್ಮ ಚನ್ನಂಗಿ, ಗೋಧಿಗಿಂತ ಕಡಿಮೆ ನೀರು ಕುಡಿಯುತ್ತೆ, ನೆಲಕ್ಕೆ ಸಾರಜನಕ ಕೊಡುತ್ತೆ. 1970ರ ದಶಕದಲ್ಲಿ ಸಸ್ಕ್ಯಾಚವಾನ್ ವಿಶ್ವವಿದ್ಯಾಲಯದ ಆಲ್ಫ್ರೆಡ್ ಸ್ಲಿಂಕಾರ್ಡ್ ಅಲ್ಲಿಗೆ ಒಗ್ಗುವ ತಳಿ ಕೊಟ್ಟರು. ಅಲ್ಲಿವರೆಗೆ ಆ ಬಯಲಿನಲ್ಲಿ ಮಸೂರ ಬಿತ್ತಿದವರೇ ವಿರಳ. ಈಗ ಕೆನಡಾದ ಮಸೂರದಲ್ಲಿ ಹೆಚ್ಚಿನದು ಈ ಪ್ರಾಂತ್ಯದ್ದೇ. 'ಇಂಡಿಯನ್‌ಹೆಡ್' ಹೆಸರಿನದೇ ಒಂದು ಕಪ್ಪು ಮಸೂರ ಇದೆ. ಮೊದಲು ತಂದದ್ದು ಹಸಿರೆಲೆ ಗೊಬ್ಬರವಾಗಿ ಮಣ್ಣಿಗೆ ಸೇರಿಸೋಕೆ. ಈಗ ಅದನ್ನು ಜನ ದುಡ್ಡು ಕೊಟ್ಟು ತಿಂತಾರೆ.

ಆ ಬೇಳೆಯ ದೊಡ್ಡ ಗಿರಾಕಿ ಭಾರತ. 2017ರ ಕೊನೆಗೆ ದಿಲ್ಲಿ ಬಟಾಣಿಗೆ ಶೇ. 50, ಮಸೂರಕ್ಕೆ ಶೇ. 30 ಆಮದು ಸುಂಕ ಹಾಕಿತು. ನಮ್ಮ ರೈತರ ದೃಷ್ಟಿಯಿಂದ ಸರಿಯೇ ಇರಬಹುದು. ಆದರೆ ಆ ಚಳಿಗಾಲದಲ್ಲಿ ಮಣ್ಣಿನ ಚೀಲ ತಂದ ರೈತರೆಲ್ಲ ನನ್ನ ಮುಖ ನೋಡಿದ ಕೂಡಲೇ ಅದನ್ನೇ ಕೇಳೋರು, ನಾನೇ ಸುಂಕ ಹಾಕಿದ ಹಾಗೆ.

ಹೋದ ಸಲ ಕಾಕಾಗೆ ಫೋನಿನಲ್ಲಿ ಬಿತ್ತನೆಯ ವಿಡಿಯೋ ತೋರಿಸಿದೆ. ಎರಡು ಸಲ ನೋಡಿ, "ಎಷ್ಟು ತಾಳಿನ ಕೂರಿಗಿ ಅದು?" ಅಂದರು. ಅರವತ್ತು ಅಡಿ ಅಗಲ, ಅಡಿಗೊಂದರಂತೆ ಅರವತ್ತು ತಾಳು ಅಂದೆ. ಸ್ವಲ್ಪ ಹೊತ್ತು ಮಾತಿಲ್ಲ.

"ಮತ್ತ ಅದನ್ನ ಹೊಳ್ಳಿಸೋದೆಲ್ಲಿ? ಹೊಲದ ಅಂಚಿಗೆ ಗಿಡಾ ಹಚ್ಯಾರಂದಿ?"

"ಈಗ ಅವನ್ನ ಕೀಳಾಕತ್ತಾರ, ಕಾಕಾ."