ಹೊಡೆಯದೇ ಮೊಳಗಿದ ಟಾಮ್

17 ಆಗಸ್ಟ್ 2024, ಶನಿವಾರ

ಬೆಳಿಗ್ಗೆ ಹತ್ತಕ್ಕೆ ಕೇಬಲ್ ರಾಶಿಯ ನಡುವೆ ಕೂತವನು ಎದ್ದಾಗ ಸಂಜೆ ಐದಾಗಿತ್ತು. ಬೆನ್ನು ಹಿಡಿದುಕೊಂಡಿದೆ. ಆದರೆ ಎಲೆಕ್ಟ್ರಾನಿಕ್ ಡ್ರಮ್ ಕಿಟ್‌ಗೆ ಎರಡನೇ ಮಾಡ್ಯೂಲ್, ಅಂದರೆ ಪ್ಯಾಡ್‌ಗಳ ಪೆಟ್ಟು ಓದುವ ಪೆಟ್ಟಿಗೆ, ಅಂತೂ ಸೇರಿತು.

ಸದ್ದು ಹೊರಡಿಸುವ ಹಳೇ ಮಾಡ್ಯೂಲ್‌ನಲ್ಲಿ ಪ್ಯಾಡ್‌ನ ಕೇಬಲ್ ಚುಚ್ಚಲು ಒಂದು ಜ್ಯಾಕೂ ಖಾಲಿ ಇರಲಿಲ್ಲ. ರೈಡ್ ಸಿಂಬಲ್ ಒಂದೇ ಎರಡು ಜ್ಯಾಕ್ ನುಂಗಿದೆ, ಅದರ ನಡುಗುಬ್ಬಿನ ಬೆಲ್ ಸದ್ದಿಗೆ ಬೇರೆ ಕೇಬಲ್ ಬೇಕಲ್ಲ. ನನಗೆ ಇನ್ನೊಂದು ಕ್ರ್ಯಾಶ್ ಸಿಂಬಲ್, ಇನ್ನೊಂದು ಫ್ಲೋರ್ ಟಾಮ್ (ತಗ್ಗು ದನಿಯ ಡ್ರಮ್) ಬೇಕಿತ್ತು. ಹೋದ ವಾರ ಸ್ಪ್ಲಿಟರ್ ಕೇಬಲ್ ಹಾಕಿ ನೋಡಿದ್ದೆ. ಒಂದೇ ಸ್ಟೀರಿಯೋ ಜ್ಯಾಕ್‌ಗೆ ಎರಡು ಪ್ಯಾಡ್: ಒಂದು ಹೆಡ್‌ನ (ನಡುವಿನ ಹೊಡೆಯುವ ಮೈ) ಜಾಗಕ್ಕೆ, ಇನ್ನೊಂದು ರಿಮ್‌ನ (ಅಂಚು) ಜಾಗಕ್ಕೆ. ರಿಮ್ ಕಡೆಯೂ ಪೀಜೋ, ಅಂದರೆ ಅದುರು ಹಿಡಿಯುವ ಸೆನ್ಸರ್, ಓದುವ ಜ್ಯಾಕ್ ಆಗಿದ್ದರೆ ಈ ಉಪಾಯ ನಡೆಯುತ್ತದೆ. ನನ್ನದು ಅಲ್ಲಿ ಸ್ವಿಚ್ ಹುಡುಕುವ ಜಾತಿ. ಎರಡನೇ ಪ್ಯಾಡ್ ಸತ್ತ ಹಾಗೆ ಬಿದ್ದಿತ್ತು.

ಹಾಗಾಗಿ ಈ ಹೊಸ ಪೆಟ್ಟಿಗೆ. ಇದಕ್ಕೆ ಸ್ವಂತ ಸದ್ದಿಲ್ಲ. ಪ್ಯಾಡ್‌ನ ಪೆಟ್ಟನ್ನು ಮಿಡಿ (ವಾದ್ಯಗಳು ತಮ್ಮತಮ್ಮಲ್ಲಿ ಮಾತಾಡುವ ಭಾಷೆ) ಸಂದೇಶ ಮಾಡಿ ಕಳಿಸುವುದಷ್ಟೇ ಕೆಲಸ. ಇದರ ಮಿಡಿ ಔಟ್‌ನಿಂದ ಹಳೆಯದರ ಮಿಡಿ ಇನ್‌ಗೆ ಒಂದು ಕೇಬಲ್. ಚಾನೆಲ್ 10. ಹೊಸ ಕ್ರ್ಯಾಶ್‌ಗೆ ನೋಟ್ 57, ಫ್ಲೋರ್ ಟಾಮ್‌ಗೆ 41. ಯಾವ ಸದ್ದಿಗೆ ಯಾವ ಸಂಖ್ಯೆ ಅಂತ ಹೇಳುವ ಜನರಲ್ ಮಿಡಿ ಪಟ್ಟಿಯ ಸಂಖ್ಯೆಗಳು ಇವು. ಹಳೇ ಮಾಡ್ಯೂಲ್‌ನಲ್ಲಿ ಎರಡಕ್ಕೂ ಸದ್ದು ಇತ್ತು, ನನ್ನ ಪುಣ್ಯ. ಮಿಡಿ ದಾರಿಯಲ್ಲಿ ಪೆಟ್ಟು ತಡವಾಗಿ ಕೇಳಬಹುದು ಅಂತ ಸುಮ್ನೆ ಹೆದರಿದ್ದೆ. ಸೆಕೆಂಡಿಗೆ 31,250 ಬಿಟ್ ಓಡುವ ತಂತಿ ಅದು. ಒಂದು ಪೆಟ್ಟಿನ ಸಂದೇಶ 3 ಬೈಟ್, ಹೋಗಲು ಹೆಚ್ಚುಕಮ್ಮಿ 1 ಮಿಲಿಸೆಕೆಂಡ್. ನನ್ನ ಕೈಯೇ ಅದಕ್ಕಿಂತ ಜಾಸ್ತಿ ತಪ್ಪುತ್ತದೆ.

ತೊಂದರೆ ಶುರುವಾಗಿದ್ದು ಆಮೇಲೆ. ನಡುವಿನ ಟಾಮ್ ಹೊಡೆದರೆ ಹೊಸ ಫ್ಲೋರ್ ಟಾಮ್ ಕೂಡ ಮೊಳಗುತ್ತದೆ! ನಾನು ಅದನ್ನು ಮುಟ್ಟಿಯೇ ಇಲ್ಲ. ಒಂದು ಪ್ಯಾಡ್‌ನ ಅದುರು ಇನ್ನೊಂದನ್ನು ಎಬ್ಬಿಸುವ ಕ್ರಾಸ್‌ಟಾಕ್ ಇದು ಅಂತ ಗೊತ್ತಾಯಿತು. ಹೊಸ ಮಾಡ್ಯೂಲ್‌ನ ಕ್ರಾಸ್‌ಟಾಕ್ ತಡೆಯ ಸೆಟ್ಟಿಂಗ್ ಏರಿಸಿದೆ. ಇನ್ನೂ ಏರಿಸಿದೆ. ಪೂರ್ತಿ ಏರಿಸಿದೆ. ಏನೂ ಬದಲಾಗಲಿಲ್ಲ. ಥ್ರೆಶೋಲ್ಡ್ (ಪೆಟ್ಟು ಅಂತ ಎಣಿಸಲು ಬೇಕಾದ ಕನಿಷ್ಠ ಜೋರು) ಏರಿಸಿದಾಗ ಆ ಭೂತ ಹೋಯಿತು ನಿಜ, ಜೊತೆಗೆ ಮೆಲ್ಲಗಿನ ಪೆಟ್ಟುಗಳೂ ಹೋದವು. ಫ್ಲೋರ್ ಟಾಮ್‌ನಲ್ಲಿ ಮೆಲ್ಲಗೆ ಉರುಳಿಸಲು ಆಗದಿದ್ದರೆ ಅದು ಇದ್ದೂ ಏನು ಬಂತು?

ಒಂದೂವರೆ ಗಂಟೆ ಹಾಳಾಯಿತು. ಕೊನೆಗೆ ಅಕ್ಕನನ್ನು ಕರೆದು, ಈ ಟಾಮ್ ಒಮ್ಮೆ ಹೊಡಿ ಅಂದೆ. ನಾನು ರ‍್ಯಾಕ್‌ನ ಪೈಪ್ ಮೇಲೆ, ಅಂದರೆ ಪ್ಯಾಡ್‌ಗಳು ನೇತಾಡುವ ಚೌಕಟ್ಟಿನ ಮೇಲೆ, ಕೈಯಿಟ್ಟೆ. ಎಷ್ಟು ದಿನದ ಸಿಟ್ಟೋ ಏನೋ, ಮನಸಾರೆ ಬಡಿದಳು. ಪೈಪ್ ಅಂಗೈಯಲ್ಲಿ ಝುಂ ಅಂದಿತು.

ಆಗ ತಲೆಗೆ ಹೋಯಿತು. ಒಂದೇ ಹೊತ್ತಿಗೆ ಎರಡು ಪ್ಯಾಡ್‌ನಿಂದ ಪೆಟ್ಟು ಬಂದರೆ, ದುರ್ಬಲವಾದದ್ದು ಬರೀ ಅದುರು ಅಂತ ಮಾಡ್ಯೂಲ್ ಬಿಟ್ಟುಬಿಡುತ್ತದೆ. ಕ್ರಾಸ್‌ಟಾಕ್ ತಡೆ ಅಂದರೆ ಇಷ್ಟೇ. ಅದಕ್ಕೆ ಎರಡೂ ಪ್ಯಾಡ್ ಅದೇ ಮಾಡ್ಯೂಲ್‌ನಲ್ಲಿ ಇರಬೇಕು. ನಡುವಿನ ಟಾಮ್ ಹಳೆಯದರಲ್ಲಿ, ಫ್ಲೋರ್ ಟಾಮ್ ಹೊಸದರಲ್ಲಿ. ಪಕ್ಕದ ಪೆಟ್ಟಿಗೆಯಲ್ಲಿ ಜೋರು ಪೆಟ್ಟೊಂದು ಬಿದ್ದಿದ್ದು ಹೊಸದಕ್ಕೆ ಹೇಗೆ ತಿಳಿಯಬೇಕು? ಅದಕ್ಕೆ ಕಂಡದ್ದು ಸಣ್ಣದೊಂದು ಪೆಟ್ಟು. ನಂಬಿ ಕಳಿಸಿತು. ಪಾಪ, ಅದರ ತಪ್ಪಲ್ಲ.

ಹಂಚಿಕೆಯನ್ನೇ ಬದಲಿಸಿದೆ. ಹಳೇದು, ಹೊಸದು ಅಂತ ಪ್ಯಾಡ್ ಹಂಚಿದ್ದೇ ನನ್ನ ದಡ್ಡತನ. ಒಂದೇ ಪೈಪ್‌ನಲ್ಲಿ ನೇತಾಡುವವೆಲ್ಲ ಒಂದೇ ಮಾಡ್ಯೂಲ್‌ಗೆ ಹೋಗಬೇಕಿತ್ತು. ಎರಡೂ ಕ್ರ್ಯಾಶ್‌ಗಳನ್ನು ಬೇರೆ ಬೇರೆ ಸ್ಟ್ಯಾಂಡ್ ಮೇಲೆ ನಿಲ್ಲಿಸಿ ಹೊಸ ಮಾಡ್ಯೂಲ್‌ಗೆ ಕೊಟ್ಟೆ. ಹಳೆಯದರಲ್ಲಿ ಖಾಲಿಯಾದ ಕ್ರ್ಯಾಶ್ ಜ್ಯಾಕ್‌ಗೆ ಫ್ಲೋರ್ ಟಾಮ್ ಬಂತು. ಮಾಡ್ಯೂಲ್‌ನಲ್ಲಿ ಪ್ಯಾಡ್ ಟೈಪ್ ಸೆಟ್ಟಿಂಗ್ ಬದಲಿಸಬೇಕಾಯಿತು, ರಿಮ್ ಸದ್ದು ಹೋಯಿತು. ಫ್ಲೋರ್ ಟಾಮ್ ರಿಮ್ ನಾನು ಯಾವತ್ತು ಹೊಡೆದಿದ್ದೆ ಬಿಡಿ. ಪೆಡಲ್‌ನಿಂದ ತೆರೆದು ಮುಚ್ಚುವ ಸಿಂಬಲ್ ಆದ ಹೈ-ಹ್ಯಾಟನ್ನು ಮಾತ್ರ ಕದಲಿಸಲಿಲ್ಲ. ಪೆಡಲ್ ಎಷ್ಟು ಒತ್ತಿದೆ ಅಂತ ನೋಡಿಯೇ ಮಾಡ್ಯೂಲ್ ಅದರ ಸದ್ದು ಆಯ್ದುಕೊಳ್ಳುತ್ತದೆ. ಆ ಜೋಡಿಯನ್ನು ಅಗಲಿಸಬಾರದು.

ಕ್ರಾಸ್‌ಟಾಕ್ ತಡೆ ಈಗ ನಡುಮಟ್ಟದಲ್ಲಿದೆ. ಥ್ರೆಶೋಲ್ಡ್ ಮತ್ತೆ ಕೆಳಗಿಳಿಸಿದೆ. ಭೂತ ಇಲ್ಲ, ಮೆಲ್ಲಗಿನ ಪೆಟ್ಟುಗಳೆಲ್ಲ ವಾಪಸ್ ಬಂದಿವೆ.

ಕ್ರ್ಯಾಶ್ ಅನ್ನು ಕೈಯಲ್ಲಿ ಹಿಡಿದರೆ ಮಾತ್ರ ಸದ್ದು ನಿಲ್ಲುತ್ತಿಲ್ಲ. ಹೊಸ ಮಾಡ್ಯೂಲ್ ಈ ಹಿಡಿತವನ್ನು, ಅಂದರೆ ಚೋಕ್ ಅನ್ನು, ಆಫ್ಟರ್‌ಟಚ್ ಎಂಬ ಮಿಡಿ ಸಂದೇಶವಾಗಿ ಕಳಿಸುತ್ತಿದೆ, ಹಳೆಯದು ಕಿವಿಗೇ ಹಾಕಿಕೊಳ್ಳುತ್ತಿಲ್ಲ. ಅದು ನಾಳೆಗೆ. ಈಗ ಬೆನ್ನಿಗೆ ಏನಾದರೂ ಹಚ್ಚಿಕೊಳ್ಳಬೇಕು.